ಹೊಳೆ ದಾಟಿಸಿದ ಬೆಕ್ಕು

೧೯೭೮ರಲ್ಲಿ ನಾನು ಖಾನಾಪುರದಲ್ಲಿ ಸರ್ಕಾರಿ ಪಶುವೈದ್ಯನಾಗಿದ್ದೆ. ನಮ್ಮ ಆಸ್ಪತ್ರೆ ಎಂದರೆ ಹಂಚು ಹೊದಿಸಿದ ಎರಡು ಕೋಣೆ, ಅಂಗಳದಲ್ಲಿ ದನಗಳನ್ನು ಅಲುಗಾಡದಂತೆ ನಿಲ್ಲಿಸುವ ಕಬ್ಬಿಣದ ಚೌಕಟ್ಟು ಮತ್ತು ತುಕಾರಾಮ ಎಂಬ ಕಂಪೌಂಡರ್. ತುಕಾರಾಮ ತನ್ನ ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ದನಗಳ ಜೊತೆ ಎರಡನ್ನೂ ಕಲಸಿ ಮಾತಾಡುತ್ತಿದ್ದ. ನಾನು ಕಾಕತಿ ಕಡೆಯವನು, ಕುರಿ ಸಾಕುವ ಮನೆತನದಲ್ಲಿ ಹುಟ್ಟಿದವನು. ಮನೆತನದಲ್ಲಿ ಮೊದಲು ಕಾಲೇಜು ಕಂಡವನು ಎಂದು ಊರವರು ಹೆಮ್ಮೆಪಟ್ಟಿದ್ದರು. ಅಲ್ಲಿ ಹೋಗಿ ಕಲಿತದ್ದು ಮತ್ತೆ ಕುರಿ-ದನದ ವಿದ್ಯೆಯನ್ನೇ ಎಂದು ಗೊತ್ತಾದ ಮೇಲೆ ಸುಮ್ಮನಾದರು.

ಆ ಕಾಲಕ್ಕೆ ನಮ್ಮಲ್ಲಿಗೆ ಎಮ್ಮೆ ಬರುತ್ತಿತ್ತು, ಎತ್ತು ಬರುತ್ತಿತ್ತು, ಆಡು ಬರುತ್ತಿತ್ತು. ಬೆಕ್ಕನ್ನು ರೋಗಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬೆಕ್ಕಿಗೆ ಜಡ್ಡಾದರೆ ಅದು ತಾನಾಗಿ ಎಲ್ಲೋ ಹೋಗಿ ಸಾಯುತ್ತದೆ, ಇಲ್ಲವೇ ತಾನಾಗಿ ವಾಸಿಯಾಗಿ ಬರುತ್ತದೆ ಎಂಬುದು ಊರಿನ ತಿಳಿವಳಿಕೆ. ನಾನು ಕಾಲೇಜಿನಲ್ಲಿ ಬೆಕ್ಕಿನ ರೋಗಗಳನ್ನು ಓದಿದ್ದು ಪರೀಕ್ಷೆ ಪಾಸಾಗಲು ಅಷ್ಟೇ. ಹೀಗಿರುವಾಗ ಒಂದು ಚಳಿಗಾಲದ ಬೆಳಿಗ್ಗೆ, ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಈರಣ್ಣ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ನಿಂತ.

ಈರಣ್ಣ ಒಳ್ಳೆಯ ಮನುಷ್ಯ ಎಂದೇ ಊರಲ್ಲಿ ಹೆಸರು. ಯಾರ ಜೊತೆಗೂ ಜಗಳವಿಲ್ಲ, ಯಾರಿಗೂ ಎದುರು ಮಾತಿಲ್ಲ. ಬೆಳಗಾವಿಯ ರವಿವಾರ ಪೇಟೆಯಿಂದ ಸಕ್ಕರೆ, ಬೇಳೆ, ಬೆಲ್ಲ ತಂದು ಮಾರುತ್ತಿದ್ದ. ಬೆಲ್ಲ, ಬೇಳೆ ಇದ್ದಲ್ಲಿ ಇಲಿ ಇರುವುದರಿಂದ ಮನೆಯಲ್ಲಿ ಒಂದು ಬೆಕ್ಕು ಇಟ್ಟಿದ್ದ.

"ಸಾಹೇಬ್ರ, ನಮ್ಮ ಬೆಕ್ಕಿಗೆ ಹುಚ್ಚ ಹಿಡದೈತ್ರಿ" ಎಂದ. "ಬಾಯಾಗ ಜೊಲ್ಲ ಸುರಸ್ತೈತಿ, ಕಾಲ ಸೆಟಸ್ತೈತಿ, ಮನಿಯಾಕಿಗೆ ಕಚ್ಚೇತಿ. ಒಂದ ಸೂಜಿ ಮಾಡಿ ಮುಗಿಸಿಕೊಡ್ರಿ. ಬೆಕ್ಕ ಕೊಂದ ಪಾಪ ಏಳು ಜನ್ಮ ಬಿಡೂದಿಲ್ಲಂತ ಅವ್ವ ಹೇಳ್ತಾಳ. ಬಂಗಾರದ ಬೆಕ್ಕ ಮಾಡಿಸಿ ದಾನಾ ಕೊಡಬೇಕಂತ. ನೀವಾದ್ರ ಸರ್ಕಾರಿ ಮಂದಿ, ನಿಮಗ ಹತ್ತೂದಿಲ್ಲ."

ಊರಿನವರ ಪಾಪ ಹೊರುವುದಕ್ಕೆ ಸರ್ಕಾರ ನನಗೆ ಬೇರೆ ಭತ್ಯೆ ಕೊಡುತ್ತಿರಲಿಲ್ಲ. ಆದರೆ ಹುಚ್ಚು, ಅಂದರೆ ರೇಬೀಸ್ ಎಂದ ಮೇಲೆ ಕೂತು ಹರಟುವ ಹಾಗಿಲ್ಲ. ಆ ರೋಗ ಹತ್ತಿದವರು ಬದುಕುವುದಿಲ್ಲ. ಚೀಲ ತೆಗೆದುಕೊಂಡು ತುಕಾರಾಮನನ್ನು ಕರೆದುಕೊಂಡು ಹೊರಟೆ. "ಬೆಕ್ಕಿನ ಸಲುವಾಗಿ ಡಾಕ್ಟರ್ ಮನಿಗೆ ಹೊಂಟಾರ, ಕಲಿಯುಗ" ಎಂದು ತುಕಾರಾಮ ದಾರಿಯುದ್ದಕ್ಕೂ ಗೊಣಗಿದ.

ಮನೆಯ ಬಾಗಿಲಲ್ಲಿ ಈರಣ್ಣನ ತಾಯಿ ಗೌರವ್ವ ನಿಂತಿದ್ದರು. ಹಣೆಗೆ ವಿಭೂತಿ, ಗಂಟಲಲ್ಲಿ ಗದರಿಕೆ. ಮಗಳು ಶಾಂತಾ ಹೆರಿಗೆಗೆಂದು ಗಂಡನ ಮನೆಯಿಂದ ಬಂದಿದ್ದಾಳೆ, ಒಳಕೋಣೆಯಲ್ಲಿ ಹಸುಗೂಸಿನ ಬಾಣಂತಿ, ಆ ಕಡೆ ತಿರುಗಿ ಕೂಡ ನೋಡದೆ ಹಿತ್ತಿಲ ಕೋಣೆಗೆ ಹೋಗಿ ಕೆಲಸ ಮುಗಿಸಿ ಎಂದು ನನಗೆ ಅಪ್ಪಣೆ ಮಾಡಿದರು. ಶಾಂತಾ ಹಡೆದ ವಾರದಲ್ಲೇ ಬೆಕ್ಕೂ ಹಿತ್ತಿಲ ಕೋಣೆಯ ಖಾಲಿ ಚೀಲಗಳ ಮೇಲೆ ಮರಿ ಹಾಕಿತ್ತಂತೆ. ಒಂದೇ ಮನೆಯಲ್ಲಿ ಎರಡು ಬಾಣಂತನ ನಡೆಯಬಾರದು ಎಂದು ಗೌರವ್ವ ಅಂದಿನಿಂದಲೇ ಹೇಳುತ್ತ ಬಂದಿದ್ದರು.

ಹಿತ್ತಿಲ ಕೋಣೆಯ ಬಾಗಿಲು ತೆರೆದರೆ ಮುಖಕ್ಕೆ ಬಿಸಿ ಹೊಡೆಯಿತು. ಕಿಟಕಿಗೆ ಕಂಬಳಿ ಕಟ್ಟಿದ್ದರು. ಮೂಲೆಯಲ್ಲಿ ಶೇಗಡಿಯ ಕೆಂಡ, ಅಜವಾನದ ಹೊಗೆ. ನೆಲದ ಮೇಲೆ ಈರಣ್ಣನ ಹೆಂಡತಿ ನೀಲವ್ವ ಅಳುತ್ತ ಕೂತಿದ್ದಳು. ಅವಳ ತೊಡೆಯ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಕಂದು-ಬಿಳಿ ಬೆಕ್ಕು ಗಡಗಡ ನಡುಗುತ್ತಿತ್ತು. ಬಾಯಿ ತೆರೆದು ನಾಯಿಯ ಹಾಗೆ ತೇಕುತ್ತಿತ್ತು, ಕಾಲುಗಳು ಕಟ್ಟಿಗೆಯಂತೆ ಸೆಟೆದಿದ್ದವು. ಪಕ್ಕದ ಬಿದಿರಿನ ಬುಟ್ಟಿಯಲ್ಲಿ ಆಗಷ್ಟೇ ಕಣ್ಣು ಬಿಟ್ಟ ನಾಲ್ಕು ಮರಿಗಳು ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು. ನೀಲವ್ವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಲ್ಲು ನಟ್ಟ ಗುರುತು ಇತ್ತು. ಬೆಕ್ಕಿನ ಬಾಯಿಗೆ ಚಮಚ ಹಾಕಲು ಹೋದಾಗ ಕಚ್ಚಿತಂತೆ.

ನಾನು ಮುಟ್ಟುವ ಮೊದಲು ದೂರದಲ್ಲೇ ಕೂತು ನೋಡಿದೆ. ಹುಚ್ಚು ಹಿಡಿದ ಬೆಕ್ಕು ಒಬ್ಬರ ತೊಡೆಯ ಮೇಲೆ ಹೀಗೆ ಇರುವುದಿಲ್ಲ, ಕಣ್ಣಿಗೆ ಬಿದ್ದದ್ದರ ಮೇಲೆ ಹಾರುತ್ತದೆ. ಇದು ನೀಲವ್ವ ಮಾತಾಡಿದಾಗ ಕಿವಿ ತಿರುಗಿಸುತ್ತಿತ್ತು. ಮರಿ ಕೂಗಿದಾಗ ಅತ್ತ ಹೋಗಲು ಒದ್ದಾಡುತ್ತಿತ್ತು. ನನಗೆ ಒಂದು ಸಂಶಯ ಬಂತು. ಅದು ತಿನ್ನುವುದು ಏನು ಎಂದು ಕೇಳಿದೆ.

"ಬಾಣಂತನ ಮಾಡೀನ್ರಿ" ಎಂದಳು ನೀಲವ್ವ. ಅಷ್ಟು ಅಳುವಿನಲ್ಲೂ ಆ ಮಾತಿನಲ್ಲಿ ಹೆಮ್ಮೆ ಇತ್ತು. "ಬಿಸಿ ಅನ್ನ, ತುಪ್ಪ, ಮೆಣಸಿನಪುಡಿ ಚೂರ. ಸಂಜಿಗೆ ಬೆಲ್ಲಾ ಕೊಬ್ರಿ. ನೀರ ಕಾಯಿಸಿ ಆರಿಸಿ ಚಮಚೆಲೆ. ತಂಪ ಆಗ್ತೈತಂತ ಹಾಲು ಮಜ್ಜಿಗಿ ಮುಟ್ಟಿಸಿಲ್ರಿ. ಗಾಳಿ ಬಡೀಬಾರದಂತ ಹೊರಗ ಬಿಟ್ಟಿಲ್ಲ. ಕಿವಿಗೆ ಬಟ್ಟಿ ಕಟ್ಟಿದ್ನಿ, ಕಿತ್ತ ಒಗದ ಬಿಡ್ತಿತ್ರಿ."

ತುಕಾರಾಮ ಮುಖ ತಿರುಗಿಸಿ ನಕ್ಕ. ನನಗೆ ನಗು ಬರಲಿಲ್ಲ, ಏಕೆಂದರೆ ರೋಗ ಅಲ್ಲೇ ಇತ್ತು. ಹಾಲೂಡಿಸುವ ತಾಯಿಯ ಮೈಯಿಂದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ದಿನವೂ ಮರಿಗಳಿಗೆ ಹರಿದು ಹೋಗುತ್ತದೆ. ತಿನ್ನುವುದರಲ್ಲಿ ಅದು ಸಿಗದಿದ್ದರೆ ರಕ್ತದಲ್ಲಿ ಕಡಿಮೆಯಾಗಿ ಸ್ನಾಯುಗಳು ಸೆಟೆಯುತ್ತವೆ, ಜೊಲ್ಲು ಸುರಿಯುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಇದಕ್ಕೆ ಎಕ್ಲಾಂಪ್ಸಿಯಾ ಎನ್ನುತ್ತಾರೆ. ಕರು ಹಾಕಿದ ಎಮ್ಮೆ ನೆಲ ಹಿಡಿಯುವ ಮಿಲ್ಕ್ ಫೀವರ್‌ಗೆ ಇದು ಹತ್ತಿರದ ಸಂಬಂಧಿ. ಈ ಬೆಕ್ಕು ಹೊರಗೆ ತಿರುಗಿದ್ದರೆ ಇಲಿಯನ್ನು ಎಲುಬು ಸಮೇತ ತಿಂದು ತನ್ನ ಬಾಣಂತನ ತಾನೇ ಮಾಡಿಕೊಳ್ಳುತ್ತಿತ್ತು. ನೀಲವ್ವ ಅದನ್ನು ಮನುಷ್ಯ ಬಾಣಂತಿಯ ಹಾಗೆ ಬೆಚ್ಚಗೆ ಕೂಡಿಹಾಕಿ ಪಥ್ಯ ಮಾಡಿಸಿದ್ದಳು.

ಅವಳಿಗೆ ಆ ವಿದ್ಯೆ ಚೆನ್ನಾಗಿ ಗೊತ್ತಿತ್ತು. ತವರು ಕಾಕತಿ, ನಮ್ಮೂರಿನ ಪಕ್ಕದ್ದೇ. ಅಲ್ಲಿ ಇಬ್ಬರು ಅಕ್ಕಂದಿರ ಬಾಣಂತನ ಅವಳ ಕೈಯಲ್ಲೇ ಆಗಿತ್ತು. ಇಲ್ಲಿ ಮಾತ್ರ ನಾದಿನಿಯ ಕೋಣೆಯ ಹೊಸ್ತಿಲು ತುಳಿಯಲು ಅವಳಿಗೆ ಅಪ್ಪಣೆ ಇರಲಿಲ್ಲ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. "ಹಡೀಲಾರದಾಕಿ ನೆರಳ ಬಾಣಂತಿ ಮ್ಯಾಲ ಬೀಳಬಾರದ್ರಿ" ಎಂದು ಗೌರವ್ವ ನನ್ನೆದುರಿಗೇ, ಹವಾಮಾನದ ಸುದ್ದಿ ಹೇಳುವಷ್ಟು ಸಹಜವಾಗಿ ಹೇಳಿದರು. ನೀಲವ್ವ ಬೆಕ್ಕಿಗೆ ಸುತ್ತಿದ ಸೀರೆ ಸರಿಪಡಿಸಿದಳು. ಒಳಕೋಣೆಯಲ್ಲಿ ಮಾಡಲು ಬಿಡದ ಕೆಲಸವನ್ನೆಲ್ಲ ಅವಳು ಹಿತ್ತಿಲಲ್ಲಿ ಬೆಕ್ಕಿಗೆ ಮಾಡುತ್ತಿದ್ದಳು.

ಎಮ್ಮೆಗಳಿಗೆಂದು ಇಟ್ಟಿದ್ದ ಕ್ಯಾಲ್ಸಿಯಂ ಬಾಟಲಿ ಚೀಲದಲ್ಲಿತ್ತು. ಎಮ್ಮೆಗೆ ಇಡೀ ಬಾಟಲಿ ಬೇಕು, ಬೆಕ್ಕಿಗೆ ಒಂದು ಚಮಚದಷ್ಟೂ ಬೇಡ. ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು ಮೈಬೆಚ್ಚಗೆ ಮಾಡಿಸಿದೆ. ತುಕಾರಾಮ ದಪ್ಪ ಗೋಣಿತಾಟು ಸುತ್ತಿ ಹಿಡಿದ, ನೀಲವ್ವ ತಲೆಯ ಬಳಿ ಕೂತು ಮಾತಾಡಿಸುತ್ತಿದ್ದಳು. ಮುಂಗಾಲಿನ ರಕ್ತನಾಳ ಶಾವಿಗೆಯ ಎಳೆಯಷ್ಟು ಸಣ್ಣದು. ಔಷಧಿ ಸ್ವಲ್ಪ ವೇಗವಾಗಿ ಹೋದರೂ ಹೃದಯ ನಿಂತುಬಿಡುತ್ತದೆ. ಎದೆಗೆ ಸ್ಟೆಥಾಸ್ಕೋಪ್ ಹಚ್ಚಿಕೊಂಡು, ಬಡಿತ ತಪ್ಪಿದಾಗ ನಿಲ್ಲಿಸಿ, ಸರಿಯಾದಾಗ ಮುಂದುವರಿಸಿ, ಹನಿಹನಿಯಾಗಿ ಕೊಟ್ಟೆ. ಸೂಜಿ ತೆಗೆಯುವ ಹೊತ್ತಿಗೆ ನಡುಕ ಇಳಿದಿತ್ತು. ನಾನು ಕೈ ತೊಳೆದು ಬರುವಷ್ಟರಲ್ಲಿ ಬೆಕ್ಕು ಎದ್ದು ಕೂತು, ತೂರಾಡುತ್ತ ಬುಟ್ಟಿಗೆ ಹೋಗಿ, ಮರಿಗಳನ್ನು ನೆಕ್ಕತೊಡಗಿತು. ಎಮ್ಮೆ ಎದ್ದು ನಿಂತರೆ ರೈತ ನನ್ನ ಕೈ ಹಿಡಿದುಕೊಳ್ಳುವುದುಂಟು. ಇಲ್ಲಿ ನೀಲವ್ವ ಬೆಕ್ಕಿಗೇ ಕೈ ಮುಗಿದಳು.

ಇನ್ನು ಕಚ್ಚಿದ ವಿಷಯ ಉಳಿದಿತ್ತು. ಕ್ಯಾಲ್ಸಿಯಂ ಕೊಟ್ಟರೆ ರೇಬೀಸ್ ಇಳಿಯುವುದಿಲ್ಲ, ಹಾಗಾಗಿ ಇದು ಹುಚ್ಚಲ್ಲ ಎಂದು ನನಗೆ ಖಾತ್ರಿಯಿತ್ತು. ಆದರೂ ನಮ್ಮ ವೃತ್ತಿಯಲ್ಲಿ ಒಂದು ನಿಯಮ ಇದೆ. ಕಚ್ಚಿದ ಪ್ರಾಣಿಯನ್ನು ಹತ್ತು ದಿನ ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಅಷ್ಟು ದಿನ ಅದು ಆರೋಗ್ಯವಾಗಿ ಬದುಕಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವಿಷಾಣು ಇರಲಿಲ್ಲ ಎಂದು ಅರ್ಥ, ಕಚ್ಚಿಸಿಕೊಂಡವರು ಪಾರು. ಇಲ್ಲದಿದ್ದರೆ ಹೊಟ್ಟೆಗೆ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್. ಆಗಿನ ಆ ಲಸಿಕೆಯನ್ನು ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ದಪ್ಪ ಸೂಜಿ, ಉರಿ, ಬಾವು, ಜ್ವರ. ಅಪರೂಪಕ್ಕೆ ಕೆಲವರಿಗೆ ಕೈಕಾಲು ಬಿದ್ದುಹೋದದ್ದೂ ಉಂಟು.

ಇದನ್ನೆಲ್ಲ ಈರಣ್ಣನಿಗೂ ಗೌರವ್ವನಿಗೂ ಕೂಡಿಸಿಕೊಂಡು ಹೇಳಿದೆ. "ಈ ಬೆಕ್ಕ ಜೀವಂತ ಇರೂದ ನಿಮ್ಮ ಮನಿಯಾಕಿಗೆ ಔಷಧ. ಹತ್ತ ದಿನಾ ಇದನ್ನ ಕೊಲ್ಲಬ್ಯಾಡ್ರಿ, ಹೊರಗೂ ಬಿಡಬ್ಯಾಡ್ರಿ. ನಾ ಬಂದ ನೋಡ್ಕೋತ ಇರ್ತೇನಿ."

"ಬಾಣಂತಿಗೇ ಹಾಲ ಸಾಲವಲ್ದು, ಬೆಕ್ಕಿಗೆ ಎಲ್ಲಿಂದ ತರೂದ್ರಿ" ಎಂದರು ಗೌರವ್ವ. ಹಾಲು ತುಕಾರಾಮನ ಮನೆಯಿಂದ ಬರುತ್ತದೆ, ಕ್ಯಾಲ್ಸಿಯಂ ಸಿರಪ್ ನಾನು ಕೊಡುತ್ತೇನೆ ಎಂದೆ. ಈರಣ್ಣ ಕೊರಳಿನ ಲಿಂಗ ಮುಟ್ಟಿ, ಬೆಕ್ಕಿನ ಒಂದು ಕೂದಲೂ ಕೊಂಕದಂತೆ ನೋಡಿಕೊಳ್ಳುತ್ತೇನೆ ಎಂದ. ಆಸ್ಪತ್ರೆಯಲ್ಲಿ ಬೆಕ್ಕು ಇಡಲು ಗೂಡು ಇರಲಿಲ್ಲ. ಸಾಕಿದವರ ಮನೆಯಲ್ಲೇ ಕಟ್ಟಿ ನೋಡುವುದು ಆಗಿನ ಪದ್ಧತಿ.

ಮುಂದಿನ ಎರಡು ಭೇಟಿಗಳಲ್ಲಿ ನಾನು ಕಂಡದ್ದು ನನ್ನ ವೃತ್ತಿಯ ಸುಖದ ನೋಟಗಳಲ್ಲಿ ಒಂದು. ಕಿಟಕಿಯ ಕಂಬಳಿ ಹೋಗಿತ್ತು, ಬಿಸಿಲು ಬೀಳುತ್ತಿತ್ತು. ಬೆಕ್ಕು ಹಾಲು ಕುಡಿದು ಮೀಸೆ ಒರೆಸಿಕೊಳ್ಳುತ್ತಿತ್ತು. ಮರಿಗಳು ಬುಟ್ಟಿಯ ಅಂಚು ಹತ್ತಲು ಹೋಗಿ ಉರುಳುತ್ತಿದ್ದವು. ಒಂದು ಮರಿ ದಿನವೂ ಹಿಂದಿನ ಮೊಲೆಯನ್ನೇ ಹಿಡಿಯುತ್ತದೆ, ಇನ್ನೊಂದು ಅದನ್ನು ಒದ್ದು ಕಸಿದುಕೊಳ್ಳುತ್ತದೆ, ಸಣ್ಣದನ್ನು ತಾನೇ ಎತ್ತಿ ಹಚ್ಚಬೇಕು ಎಂದು ನೀಲವ್ವ ಎಲ್ಲವನ್ನೂ ವಿವರವಾಗಿ ಹೇಳಿದಳು. ಆ ಮನೆಯಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ಗೋಡೆಗಳೂ ಕೇಳಿರಲಿಕ್ಕಿಲ್ಲ. "ಹತ್ತ ದಿನಾ ಮುಗೀಲಿ ಸಾಹೇಬ್ರ, ಆಮ್ಯಾಲೆ ಅತ್ತಿ ಏನೂ ಅನ್ನೂದಿಲ್ಲಂದಾರ" ಎಂದಳು. ಅವಳ ಕೈಯ ಗಾಯ ಆಗಲೇ ಮಾಯುತ್ತ ಬಂದಿತ್ತು.

ಹತ್ತು ದಿನ ತುಂಬುವ ಮೊದಲೇ, ಮೂರನೆಯ ಸಲ ಹೋದಾಗ ಓಣಿಯಲ್ಲೇ ಮರಿಗಳ ಕೂಗು ಕೇಳಿಸಿತು. ಹೊಟ್ಟೆ ತುಂಬಿದ ಮರಿ ಹಾಗೆ ಕೂಗುವುದಿಲ್ಲ. ಹಿತ್ತಿಲ ಕೋಣೆಯಲ್ಲಿ ನೀಲವ್ವ ಸೆರಗಿನ ತುದಿಯನ್ನು ಹಾಲಲ್ಲಿ ಅದ್ದಿ ಮರಿಯ ಬಾಯಿಗೆ ಇಡುತ್ತಿದ್ದಳು. ತಾಯಿ ಇರಲಿಲ್ಲ.

ಹಿಂದಿನ ದಿನ ಶಾಂತಾಳ ಕೂಸು ಬಿಟ್ಟೂ ಬಿಡದೆ ಅತ್ತಿತ್ತು. ಹಸುಗೂಸು ಅಳುವುದೇ ಕೆಲಸ. ಆದರೆ ಗೌರವ್ವನಿಗೆ ಅದು ಬೆಕ್ಕಿನ ದೃಷ್ಟಿ ಎನಿಸಿತು. ಬೆಳಿಗ್ಗೆ ನೀಲವ್ವ ನೀರು ಸೇದಲು ಹೋದ ಹೊತ್ತು ನೋಡಿ ಈರಣ್ಣ ಬೆಕ್ಕನ್ನು ಸಕ್ಕರೆ ಚೀಲದಲ್ಲಿ ಕಟ್ಟಿ, ಸೈಕಲ್ಲಿನ ಹಿಂದೆ ಇಟ್ಟುಕೊಂಡು, ಮಲಪ್ರಭೆಯ ಸೇತುವೆ ದಾಟಿಸಿ ಬಿಟ್ಟುಬಂದಿದ್ದ. ಬೆಕ್ಕನ್ನು ಹೊಳೆ ದಾಟಿಸಿದರೆ ದಾರಿಯ ವಾಸನೆ ಕಡಿದುಹೋಗಿ ಅದು ತಿರುಗಿ ಬರುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಬೇಡವಾದ ಬೆಕ್ಕುಗಳೆಲ್ಲ ಆ ದಡದಲ್ಲೇ ಇಳಿಯುತ್ತಿದ್ದವು.

ನಾನು ನೇರ ಅಂಗಡಿಗೆ ಹೋದೆ. ಗಿರಾಕಿಗಳ ಎದುರಿಗೇ ಕೇಳಿದೆ. ಈರಣ್ಣ ತಕ್ಕಡಿ ಕೆಳಗಿಟ್ಟು, ಮೆಲ್ಲಗೆ ಮಾತಾಡಿರಿ ಎಂಬಂತೆ ಕೈ ಮಾಡಿದ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಕೊಂದಿಲ್ರಿ ನಾವು. ಚೀಲದ ಬಾಯಿ ಬಿಚ್ಚೇ ಬಂದೀನಿ. ಬಾಜೂಕ ಅರ್ಧ ಸೇರ ಹಾಲೂ ಇಟ್ಟೀನ್ರಿ."

ನಾನು ದನಿ ತಗ್ಗಿಸಲಿಲ್ಲ. "ಈರಣ್ಣಾ, ಕೊಂದಿದ್ರ ಅದರ ತಲಿ ಪರೀಕ್ಷಾಕ್ಕ ಕಳಸ್ತಿದ್ನಿ, ಹುಚ್ಚ ಇಲ್ಲಂತ ಕಾಗದ ಬರ್ತಿತ್ತು. ಜೀವಂತ ಇಟ್ಟಿದ್ರ ನಾನ ನೋಡ್ತಿದ್ನಿ. ನೀ ಎರಡೂ ಇಲ್ಲದಂಗ ಮಾಡೀದಿ. ಈಗ ಸೂಜಿ ಯಾರ ಹೊಟ್ಟಿಗೆ ಗೊತ್ತೈತೇನ?"

"ಅವ್ವ ಹೇಳಿದ್ಳ್ರಿ" ಎಂದ. ಆಮೇಲೆ ಗಿರಾಕಿಯ ಕಡೆ ತಿರುಗಿ ಬೇಳೆ ತೂಗಿದ.

ತುಕಾರಾಮನೂ ನಾನೂ ಸೇತುವೆಯಾಚೆ ಹೋಗಿ ಹುಡುಕಿದೆವು. ಒಂದು ಹುಣಸೆ ಮರದ ಬುಡದಲ್ಲಿ ಚೀಲ ಸಿಕ್ಕಿತು, ಬಾಯಿ ಬಿಚ್ಚಿತ್ತು. ಪಕ್ಕದಲ್ಲಿ ಎಲೆಯ ದೊನ್ನೆಯಲ್ಲಿ ಹಾಲು ಹೆಪ್ಪುಗಟ್ಟಿ ಇರುವೆ ಮುತ್ತಿತ್ತು. ಹತ್ತಿರದ ಇಟ್ಟಂಗಿ ಭಟ್ಟಿಯಲ್ಲಿ ಕೇಳಿದೆವು. ಒಂದು ಬೆಕ್ಕು ದಂಡೆಯ ಉದ್ದಕ್ಕೂ ಕೂಗುತ್ತ, ನೀರಿನ ತನಕ ಹೋಗಿ ತಿರುಗಿ ಬರುತ್ತಿತ್ತು, ಭಟ್ಟಿಯ ನಾಯಿಗಳು ಬೆನ್ನು ಹತ್ತಿದವು ಎಂದು ಒಬ್ಬಾಕೆ ಹೇಳಿದಳು. ಮುಂದೇನಾಯಿತು ಎಂದು ಅವಳು ನೋಡಿರಲಿಲ್ಲ. ಮಾರನೆಯ ದಿನವೂ ಹೋದೆವು. ದನದ ಡಾಕ್ಟರು ಪೊದೆ ಪೊದೆ ಬಗ್ಗಿ "ಪಿಸ್ ಪಿಸ್" ಎಂದು ಕರೆಯುವುದನ್ನು ನೋಡಲು ಮಂದಿ ನಿಂತರು. ಸಿಗಲಿಲ್ಲ.

ಆ ಲಸಿಕೆಯ ದಾಸ್ತಾನು ಆಗ ಖಾನಾಪುರದಲ್ಲಿ ಇರಲಿಲ್ಲ, ಬೆಳಗಾವಿಗೇ ಹೋಗಬೇಕು. ಮೊದಲ ದಿನ ನಾನೇ ಜೊತೆಗೆ ಹೋಗಿ ಅಲ್ಲಿನ ವೈದ್ಯರಿಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ನಿಮ್ಮ ಮಾತು ನಂಬ್ತೀನಿ, ಆದ್ರೆ ಪ್ರಾಣಿ ಎಲ್ಲಿ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಚುಚ್ಚಲೇಬೇಕು" ಎಂದರು. ಅವರ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಹೇಳುತ್ತಿದ್ದೆ. ನನ್ನ ಖಾತ್ರಿಗೆ ಇನ್ನೊಬ್ಬರ ಜೀವವನ್ನು ಪಣಕ್ಕಿಡಲು ಬರುವುದಿಲ್ಲ.

ಈರಣ್ಣ ಎರಡು ದಿನ ಹೆಂಡತಿಯ ಜೊತೆ ಹೋದ. ಆಮೇಲೆ ಅಂಗಡಿ ಇದೆ ಎಂದ. ನೀಲವ್ವ ಒಬ್ಬಳೇ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರತೊಡಗಿದಳು. ನನಗೆ ಜಿಲ್ಲಾ ಕಚೇರಿಯಲ್ಲಿ ಸಭೆಯಿದ್ದ ದಿನ ಅದೇ ಗಾಡಿಯಲ್ಲಿ ಸಿಕ್ಕಳು. ಕಿಟಕಿಯ ಪಕ್ಕ ಸೆರಗು ಹೊದ್ದು ಕೂತಿದ್ದಳು, ತೊಡೆಯ ಮೇಲೆ ಬಿದಿರಿನ ಬುಟ್ಟಿ. ಒಳಗೆ ಮೂರು ಮರಿಗಳಿದ್ದವು. ಸಣ್ಣದು ಹಿಂದಿನ ದಿನ ಹೋಯಿತಂತೆ. ಮನೆಯಲ್ಲಿ ಬಿಟ್ಟುಬಂದರೆ ಯಾರೂ ಹಾಲು ಹಾಕುವುದಿಲ್ಲ, ಹಾಗಾಗಿ ದಿನವೂ ಜೊತೆಗೇ ತರುತ್ತಿದ್ದಳು.

ಹಾಲು ಹನಿಸಲು ನಾನು ಕೊಟ್ಟಿದ್ದು ಶಾಯಿ ತುಂಬುವ ಫಿಲ್ಲರ್. ಬೆಕ್ಕಿನ ಹಾಲು ಹಸುವಿನ ಹಾಲಿಗಿಂತ ಗಟ್ಟಿ. ಆದ್ದರಿಂದ ನೀರು ಬೆರೆಸಬಾರದು, ಮರಿಯನ್ನು ಅಂಗಾತ ಮಲಗಿಸಿ ಕುಡಿಸಬಾರದು, ಕುಡಿಸಿದ ಮೇಲೆ ಒದ್ದೆ ಅರಳೆಯಿಂದ ಕೆಳಗೆ ಒರೆಸಬೇಕು, ಇಲ್ಲದಿದ್ದರೆ ಅಷ್ಟು ಸಣ್ಣ ಮರಿಗೆ ಮೂತ್ರ ಬರುವುದಿಲ್ಲ ಎಂದು ತಿಳಿಸಿದ್ದೆ. ನನ್ನ ಹೆಂಡತಿ ಹಾಲಿಗೆ ಮೊಟ್ಟೆಯ ಹಳದಿ ಕದಡಿ ಶೀಷೆಯಲ್ಲಿ ಕೊಟ್ಟು ಕಳಿಸಿದ್ದಳು. ಗಾಡಿಯಲ್ಲಿ ಅದನ್ನು ನೀಲವ್ವನ ಕೈಗೆ ಕೊಡುವಾಗ, ಮುಚ್ಚಿಡುವುದು ಸರಿಯಲ್ಲವೆಂದು, ಅದರಲ್ಲಿ ತತ್ತಿ ಇದೆ ಎಂದು ಹೇಳಿಬಿಟ್ಟೆ. ಅವಳು ಶೀಷೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇವಕ್ಕೇನ ಲಿಂಗ ಕಟ್ಟೇತೇನ್ರಿ. ಕುಡೀಲಿ ಬಿಡ್ರಿ" ಎಂದು ಫಿಲ್ಲರ್ ತುಂಬಿದಳು.

ಎದುರಿಗೆ ಕೂತ ಹೆಂಗಸರು ಮೂಗು ಮುಚ್ಚಿಕೊಂಡರು. ಅವಳು ತಲೆ ಕೆಡಿಸಿಕೊಳ್ಳದೆ ಒಂದೊಂದನ್ನೇ ಅಂಗೈಯಲ್ಲಿ ಕೂಡಿಸಿ ಕುಡಿಸಿದಳು, ಒರೆಸಿದಳು. ಬಗ್ಗುವಾಗ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಚುಚ್ಚಿದ ಕಡೆಗಳೆಲ್ಲ ಬಾತು ಗಂಟಾಗಿದ್ದವು. ದೇಸೂರು ದಾಟಿದ ಮೇಲೆ, ನನ್ನ ಮುಖ ನೋಡದೆ ಹೇಳಿದಳು.

"ಸಾಹೇಬ್ರ, ಅವತ್ತ ಅವರು ಕೇಳಿದಂಗ ನೀವು ಆ ಬೆಕ್ಕಿಗೆ ಸೂಜಿ ಮಾಡಿ ಕೊಂದಿದ್ರ ನನಗ ಇಷ್ಟ ಆಗ್ತಿರಲಿಲ್ಲ, ಹೌದಲ್ರಿ? ತಲಿ ನೋಡಿ ಹೇಳ್ತಿದ್ರು."

ಹೌದು ಎಂದೆ. ಲೆಕ್ಕ ಹಾಗೇ ಇತ್ತು.

"ಆದ್ರ ನೀವು ಮಾಡಿದ್ದ ಚಲೋ ಆತ್ರಿ" ಎಂದಳು, ಬುಟ್ಟಿಯ ಮೇಲೆ ಸೆರಗು ಹೊದಿಸುತ್ತ. "ಎದ್ದ ಹೋಗಿ ಮರಿ ನೆಕ್ಕಿದ್ದ ನಾ ನೋಡಿದ್ನಲ್ಲ."

ಕೋರ್ಸು ಮುಗಿಯುವ ಮೊದಲು ಅವಳಿಗೆ ಜ್ವರ ಬಂತು. ಜ್ವರದಲ್ಲೇ ಹೋಗಿ ಚುಚ್ಚಿಸಿಕೊಂಡು ಬಂದಳು. ಇನ್ನೆರಡು ಮರಿಗಳೂ ಭೇದಿಯಾಗಿ ಸತ್ತವು, ಒಂದು ಉಳಿಯಿತು. ಅವಳ ಕೈಕಾಲಿಗೆ ಏನೂ ಆಗಲಿಲ್ಲ. ಅಷ್ಟಕ್ಕೆ ಮುಗಿಯಿತು, ಪೀಡೆ ಕಳೆಯಿತು ಎಂದು ನಾನು ತಿಳಿದೆ. ದನಗಳ ಮನಸ್ಸು ಓದುವುದು ಕಲಿತಿದ್ದೆನೇ ಹೊರತು ಗೌರವ್ವನಂಥವರ ಮನಸ್ಸು ಓದುವುದನ್ನು ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ.

ಯುಗಾದಿಯ ಹೊತ್ತಿಗೆ ಪೇಟೆಯಲ್ಲಿ ಸುದ್ದಿ ಹಬ್ಬಿತು. ಹೊಟ್ಟೆಗೆ ಅಷ್ಟು ಸೂಜಿ ಚುಚ್ಚಿಸಿಕೊಂಡವಳ ಗರ್ಭ ಸುಟ್ಟುಹೋಗಿದೆ, ಇನ್ನು ಅವಳಿಗೆ ಮಕ್ಕಳಾಗುವುದು ಸಾಧ್ಯವಿಲ್ಲ, ಈರಣ್ಣನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂದು. ನನಗೆ ತಡೆಯಲಾಗಲಿಲ್ಲ. ಮನೆಗೆ ಹೋಗಿ ಗೌರವ್ವನಿಗೆ ಹೇಳಿದೆ: ಆ ಸೂಜಿ ಹೋಗುವುದು ಹೊಟ್ಟೆಯ ಚರ್ಮದ ಕೆಳಗೆ ಮಾತ್ರ, ಗರ್ಭಕೋಶದ ಹತ್ತಿರವೂ ಸುಳಿಯುವುದಿಲ್ಲ. ಬೇಕಾದರೆ ಬೆಳಗಾವಿಯ ವೈದ್ಯರಿಂದಲೇ ಹೇಳಿಸುತ್ತೇನೆ. ಆ ಸೂಜಿ ಬೀಳುವಂತೆ ಮಾಡಿದವರು ನೀವೇ ಎಂದೂ ಹೇಳಿದೆ.

ಗೌರವ್ವ ನನಗೆ ಚಹಾ ಕೊಡಿಸಿದರು. ಕುಡಿದು ಮುಗಿಸಿದ ಮೇಲೆ ಹೇಳಿದರು. "ನೀವು ದನದ ಡಾಕ್ಟರ್ರಿ. ದನಾ ಎಬ್ಬಸ್ರಿ, ಬೆಕ್ಕ ಎಬ್ಬಸ್ರಿ. ಹೆಣ್ಮಕ್ಕಳ ಹೊಟ್ಟಿ ಸುದ್ದಿ ನಿಮಗ್ಯಾಕ್ರಿ? ನಾವೇನ ಆಕಿನ್ನ ಹೊಡದಿಲ್ಲ, ಬಡದಿಲ್ಲ. ತವರಿಗೆ ಕಳಸ್ತೇವಿ, 'ಹೋಗಿ ಬಾ' ಅಂತ ಉಡಿ ತುಂಬೇ ಕಳಸ್ತೇವಿ."

ಈರಣ್ಣ ಪಡಸಾಲೆಯಲ್ಲಿ ಕೂತು ಎಲ್ಲ ಕೇಳುತ್ತಿದ್ದ. ನೀಲವ್ವ ಹಿತ್ತಿಲಲ್ಲಿ ಪಾತ್ರೆ ತಿಕ್ಕುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಅವಳನ್ನು ಕರೆದೊಯ್ಯಲು ಕಾಕತಿಯಿಂದ ಅಣ್ಣ ಬಂದಿದ್ದ. ಉಳಿದ ಮರಿಯೂ ಅವಳ ಜೊತೆಗೇ ಹೋಯಿತು ಎಂದು ತುಕಾರಾಮ ಸ್ಟೇಷನ್ನಿನಲ್ಲಿ ನೋಡಿ ಬಂದು ಹೇಳಿದ. ತಿಂಗಳೊಪ್ಪತ್ತಿನಲ್ಲಿ ಈರಣ್ಣನಿಗೆ ಎರಡನೆಯ ಮದುವೆಯಾಯಿತು. ಕರೆ ಬಂದಿತ್ತು, ನಾನು ಹೋಗಲಿಲ್ಲ. ಊಟ ಭಾಳ ಚೆನ್ನಾಗಿತ್ತು ಎಂದು ಹೋದವರೆಲ್ಲ ಹೇಳಿದರು. ಎರಡನೆಯವಳಿಗೂ ನಾನು ಖಾನಾಪುರ ಬಿಡುವ ತನಕ ಮಕ್ಕಳಾಗಲಿಲ್ಲ. ಅವಳಿಗೆ ಯಾವ ಸೂಜಿಯೂ ಬಿದ್ದಿರಲಿಲ್ಲ. ಇದನ್ನು ಹೇಳುವಾಗ ನನಗೆ ಸಂತೋಷವೇನೂ ಇಲ್ಲ, ಅವಳೂ ಯಾರದೋ ಮಗಳೇ.

೧೯೮೧ರಲ್ಲಿ ನನಗೆ ಬೆಳಗಾವಿಗೆ ವರ್ಗವಾಯಿತು. ಸಾಮಾನು ಕಟ್ಟುತ್ತಿದ್ದಾಗ ಈರಣ್ಣ ಬಂದ. ಸ್ವಲ್ಪ ದಪ್ಪಗಾಗಿದ್ದ, ಮಾತು ಮೊದಲಿನಷ್ಟೇ ಮೆದು. ಹಾರ ಹಾಕಿ, ತೆಂಗಿನಕಾಯಿ ಕೊಟ್ಟು, ಎರಡು ನಿಮಿಷ ಕೂತ. ನೀಲವ್ವನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಏಳುವಾಗ ಅವನಿಗೆ ಬಂದ ಕೆಲಸ ನೆನಪಾಯಿತು.

"ಸಾಹೇಬ್ರ, ಅಂಗಡ್ಯಾಗ ಇಲಿ ಕಾಟ ಭಾಳ ಆಗೇತ್ರಿ. ನಿಮಗ ಎಲ್ಲೆರ ಬೆಕ್ಕಿನ ಮರಿ ಕಂಡ್ರ ಒಂದ ಹೇಳಿ ಕಳಸ್ರಿ. ಗಂಡ ಮರಿ ಆದ್ರ ಚಲೋ. ಹೆಣ್ಣ ತಂದ್ರ ಹಡಕೋತ ಕುಂದರ್ತೈತಿ, ಮತ್ತ ಅದ ತ್ರಾಸ."

ಅವನ ಮುಖವನ್ನು ನಾನು ನೋಡಿದೆ. ಅದರಲ್ಲಿ ಕೊಂಕಿರಲಿಲ್ಲ, ನಾಚಿಕೆಯೂ ಇರಲಿಲ್ಲ. ತಾನು ಏನು ಹೇಳಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಕಂಡರೆ ಹೇಳುತ್ತೇನೆ ಎಂದು ಕಳಿಸಿಕೊಟ್ಟೆ.

ಆಮೇಲೆ ಎಲ್ಲೆಲ್ಲಿ ಕೆಲಸ ಮಾಡಿದೆನೋ ಅಲ್ಲೆಲ್ಲ, ಕಚ್ಚಿದ ಪ್ರಾಣಿಯನ್ನು ಮನೆಯವರ ಆಣೆ-ಭಾಷೆಯ ಮೇಲೆ ಬಿಟ್ಟುಬಂದಿಲ್ಲ. ಸ್ವಂತ ದುಡ್ಡಿನಲ್ಲಿ ಎರಡು ಗೂಡು ಮಾಡಿಸಿಕೊಂಡೆ. ನಮ್ಮ ಕ್ವಾರ್ಟರ್ಸಿನ ಬಚ್ಚಲಿನ ಪಕ್ಕ ಯಾವಾಗಲೂ ಒಂದು ನಾಯಿಯೋ ಬೆಕ್ಕೋ ಹತ್ತು ದಿನದ ಅತಿಥಿಯಾಗಿ ಇರುತ್ತಿತ್ತು. ಹೆಂಡತಿ ಬೈಯುತ್ತಲೇ ಅದಕ್ಕೆ ಅನ್ನ ಹಾಕುತ್ತಿದ್ದಳು. ಇದು ಕೆಲಸ ಕಲಿಸಿದ ಪಾಠ. ಇನ್ನೊಂದನ್ನು ಈರಣ್ಣನ ಮನೆ ಕಲಿಸಿತು. ಕೊಲ್ಲಲು ಅಂಜುವವರನ್ನು ನಾನು ಅಲ್ಲಿಯ ತನಕ ಕರುಣೆಯುಳ್ಳವರು ಎಂದು ತಿಳಿದಿದ್ದೆ. ಅವರು ಅಂಜುವುದು ಪಾಪಕ್ಕೆ ಮಾತ್ರ. ಹೊಳೆಯ ಆಚೆ ದಂಡೆಯಲ್ಲಿ ಬಿಟ್ಟು, ಅರ್ಧ ಸೇರು ಹಾಲಿಟ್ಟು, ತಿರುಗಿ ನೋಡದೆ ಮನೆಗೆ ಬಂದು ಹೊಟ್ಟೆ ತುಂಬ ಉಣ್ಣಲು ಅವರಿಗೆ ಯಾವ ಅಂಜಿಕೆಯೂ ಇಲ್ಲ.